ಆ ನಾಲ್ಕಂಕಿ ಮಗಳ ಹತ್ತಿರ ಯಾಕಿದೆ?

ಶಿವಮೊಗ್ಗದಿಂದ ಬಂದ ಈ ಪತ್ರ ಓದಿ ಸಿಟ್ಟು ಬಂತು. ಬರೆದವರಿಗೆ 41 ವರ್ಷ, ವಿಮಾ ಕಚೇರಿಯಲ್ಲಿ ಕೆಲಸ. ರೀಲ್ಸ್ ನೋಡುತ್ತಾ ಕೂತರೆ ಮಲಗುವಾಗ ರಾತ್ರಿ ಒಂದು ಗಂಟೆ ದಾಟುತ್ತಿತ್ತಂತೆ. ಐಫೋನಿನ ಸ್ಕ್ರೀನ್ ಟೈಮ್‌ನಲ್ಲಿ ಇನ್‌ಸ್ಟಾಗ್ರಾಮ್, ಯೂಟ್ಯೂಬ್ ಎರಡಕ್ಕೂ ಸೇರಿ ದಿನಕ್ಕೆ 45 ನಿಮಿಷದ ಮಿತಿ ಹಾಕಿದರು. ಸಮಯ ಮುಗಿದಾಗ ಮರಳು ಗಡಿಯಾರದ ಚಿತ್ರ ಬರುತ್ತದೆ. ಅದರ ಕೆಳಗೇ ಇವತ್ತಿಗೆ ಮಿತಿ ಬೇಡ ಎನ್ನುವ ಆಯ್ಕೆಯೂ ಇರುತ್ತದೆ. ದಿನಾ ಅದನ್ನೇ ಒತ್ತಿದರು. ಕೊನೆಗೆ ನಾಲ್ಕಂಕಿಯ ಪಾಸ್‌ಕೋಡ್ ಹಾಕಿಸಿ, ಅದನ್ನು ಆರನೇ ಕ್ಲಾಸಿನ ಮಗಳ ಹತ್ತಿರ ಇಟ್ಟರು. ಈಗ ಅವರ ಪ್ರಶ್ನೆ: "ಇದಕ್ಕಿಂತ ಗಟ್ಟಿಯಾದ ಆ್ಯಪ್ ಯಾವುದಿದೆ?"

ಪತ್ರದ ನಡುವೆ ಒಂದು ಸಾಲಿದೆ. "ಮೊನ್ನೆ ರಾತ್ರಿ ನಂಬರ್ ಹಾಕು ಅಂತ ಎಬ್ಬಿಸಿದೆ, ಹಾಕಲ್ಲ ಅಂತ ಅತ್ತಳು, ಆಮೇಲೆ ಹಾಕಿಕೊಟ್ಟಳು, ಅದಿರಲಿ."

ಅದಿರಲಿ ಅಂತ ಹೇಗೆ ಮುಂದೆ ಹೋದಿರಿ ಸರ್? ಆ ಮಗುವಿನ ಜಾಗದಲ್ಲಿ ನಿಂತು ನೋಡಿ. ನಂಬರ್ ಹಾಕಿದರೆ ಅಪ್ಪನ ನಿದ್ದೆ ಹಾಳು, ಹಾಕದಿದ್ದರೆ ಅಪ್ಪನ ಮುಖ ಗಂಟು. ಬೆಳಿಗ್ಗೆ ನೀವು ತೂಕಡಿಸುತ್ತಾ ಬೈಕ್ ಹತ್ತಿದರೆ, ತಪ್ಪು ತನ್ನದೇ ಅಂತ ಅವಳು ಬಾಗಿಲಲ್ಲಿ ನಿಂತಿರುತ್ತಾಳೆ. ಕುಡಿಯುವ ಅಪ್ಪ ಬೀರುವಿನ ಕೀಲಿ ಮಗಳಿಗೆ ಕೊಟ್ಟು, ರಾತ್ರಿ ಅವಳನ್ನೇ ಎಬ್ಬಿಸಿ ಕೇಳಿದ ಹಾಗಾಯಿತು.

ಈ ಉಪಾಯ ಹೇಳಿಕೊಟ್ಟವರು ನಿಮ್ಮ ಭಾವಮೈದ. "ಮಗಳ ಮುಂದೆ ನಾಚಿಕೆ ಆಗುತ್ತೆ, ಬಿಟ್ಟುಬಿಡ್ತೀರಿ" ಅಂದರಂತೆ. ನಿಮಗಿಂತ ಅವರ ಮೇಲೆ ನನಗೆ ಜಾಸ್ತಿ ಕೋಪ. ದೊಡ್ಡವರ ಚಟ ಬಿಡಿಸಲು ಮಕ್ಕಳನ್ನು ಕಾವಲಿಗೆ ಕೂರಿಸಬಾರದು. ಇದನ್ನು ಈ ಅಂಕಣದಲ್ಲಿ ಎಷ್ಟು ಸಲ ಬರೆದರೂ ನನಗೆ ಬೇಸರವಿಲ್ಲ.

ಹೊಸ ಆ್ಯಪ್ ಹುಡುಕಬೇಡಿ. 2018ರಿಂದ ಐಫೋನಿನಲ್ಲೇ ಇರುವ ಬೀಗ ನಿಮಗೆ ಸಾಕು. ಸ್ಕ್ರೀನ್ ಟೈಮ್‌ನಲ್ಲಿ 'ಬ್ಲಾಕ್ ಅಟ್ ಎಂಡ್ ಆಫ್ ಲಿಮಿಟ್' (ಮಿತಿ ಮುಗಿದೊಡನೆ ತಡೆಯುವ ಆಯ್ಕೆ) ಆನ್ ಮಾಡಿದ್ದರೆ, ಒಂದು ನಿಮಿಷದ ರಿಯಾಯಿತಿ ಬಿಟ್ಟು ಕೋಡ್ ಇಲ್ಲದೆ ಆ ಆ್ಯಪ್ ತೆರೆಯುವುದಿಲ್ಲ. ಕರೆದರೆ ಎದ್ದು ಬರುವವರ ಕೈಗೆ ಕೋಡ್ ಕೊಟ್ಟಿದ್ದೊಂದೇ ಎಡವಟ್ಟು. ಹೆಂಡತಿಗೂ ಕೊಡಬೇಡಿ, ಜಗಳ ಅವರ ತಲೆಗೆ ಬರುತ್ತದೆ.

ಮಾಡಬೇಕಾದ್ದು ಒಂದೇ. ಇವತ್ತು ಸಂಜೆ ಮಗಳಿಂದ ಹಳೆಯ ನಂಬರ್ ಕೇಳಿ ತಗೊಳ್ಳಿ. ನಾಳೆ ಆಫೀಸಿನಲ್ಲಿ, ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಲು ನಿಮಗೆ ಮುಜುಗರವಾಗುವಂಥ ಹಿರಿಯ ಸಹೋದ್ಯೋಗಿಯಿಂದ ಹೊಸ ನಂಬರ್ ಹಾಕಿಸಿ. ಅದನ್ನು ಅವರು ಬರೆದಿಟ್ಟುಕೊಳ್ಳಲಿ. ಕೋಡ್ ಮರೆತರೆ ಬೇಕಾಗುತ್ತೆ ಅಂತ ಫೋನು ಆಪಲ್ ಅಕೌಂಟ್ (ಹಿಂದಿನ ಹೆಸರು ಆಪಲ್ ಐಡಿ) ಕೇಳುತ್ತದೆ. ಅಲ್ಲಿ ನಿಮ್ಮದನ್ನು ಕೊಡಬೇಡಿ. ಕೊಟ್ಟರೆ ನಡುರಾತ್ರಿ ನೀವೇ ಕೋಡ್ ಬದಲಿಸಿಕೊಳ್ಳುತ್ತೀರಿ, ಗೊತ್ತಲ್ವಾ?

ನಂಬರ್ ತಗೊಳ್ಳುವಾಗ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. "ಇದು ನಿನ್ನ ಕೆಲಸ ಆಗಿರಲಿಲ್ಲ ಪುಟ್ಟಿ, ಕೊಟ್ಟಿದ್ದು ನನ್ನ ತಪ್ಪು, ಇನ್ನು ರಾತ್ರಿ ಎಬ್ಬಿಸಲ್ಲ" ಅಂತ ಬಾಯಿಬಿಟ್ಟು ಹೇಳಿ. ಭಾವಮೈದನಿಗೆ ನಾನೇ ಹೇಳಿದೆ ಅಂತ ಈ ಪುಟ ತೋರಿಸಿ.