.22 ಸಪ್ಪೆ ಅನ್ನಿಸ್ತಿದೆ. ಪುಣೆಯಲ್ಲಿ ಸುಮ್ಮನೆ ಗುರಿ ಅಭ್ಯಾಸಕ್ಕೆ .32 ರಿವಾಲ್ವರ್ ಸಾಕಾ, ಇಲ್ಲ .357ಗೆ ಕಾಯಬೇಕಾ?

ಹಿಂಜವಡಿಯಲ್ಲಿ ಕೂತು ನೀವು ಕೇಳಿದ್ದನ್ನೇ ನಾನು ಕೆಲವು ವರ್ಷಗಳ ಹಿಂದೆ ಖಡಕಿಯಲ್ಲಿ ಕೂತು ಕೇಳ್ತಿದ್ದೆ. .32 (ಇಂಚಿನ ಲೆಕ್ಕದಲ್ಲಿ ಗುಂಡಿನ ದಪ್ಪ) ಅಂದ್ರೆ ಅತ್ತಲೂ ಅಲ್ಲ ಇತ್ತಲೂ ಅಲ್ಲ ಅನ್ನೋ ತಾತ್ಸಾರ ನನಗೂ ಇತ್ತು. ಆ ತಾತ್ಸಾರದಲ್ಲೇ ಒಂದು ಫ್ರಂಟ್ ಸೈಟ್ (ಗುರಿ ನೋಡೋಕೆ ನಳಿಗೆಯ ತುದಿಯಲ್ಲಿರೋ ಗೂಟ) ಹಾಳು ಮಾಡ್ಕೊಂಡೆ.

ನನ್ನದು ಇಲ್ಲೇ ತಯಾರಾದ .32. ಗಿಡ್ಡ ನಳಿಗೆ, ಸೈಟ್ ಸ್ಥಿರ, ಸ್ಕ್ರೂ ತಿರುಗಿಸಿ ಸರಿಮಾಡೋ ಮಾತಿಲ್ಲ. 15 ಮೀಟರಿನಲ್ಲಿ ಗುಂಡುಗಳು ನೋಡಿದ ಜಾಗಕ್ಕಿಂತ ಸುಮಾರು 90 ಮಿ.ಮೀ. ಕೆಳಗೆ, ಕೊಂಚ ಎಡಕ್ಕೆ ಬೀಳ್ತಿದ್ದವು. ಲೆಕ್ಕ ಹಾಕಿದೆ: ಎರಡು ಸೈಟ್‌ಗಳ ನಡುವಿನ ಅಂತರ 110 ಮಿ.ಮೀ.; ಅದನ್ನು 90ರಿಂದ ಗುಣಿಸಿ, ದೂರ 15,000 ಮಿ.ಮೀ.ನಿಂದ ಭಾಗಿಸಿದರೆ 0.66 ಮಿ.ಮೀ. ಮುಂದಿನ ಸೈಟ್ ಅಷ್ಟು ಗಿಡ್ಡವಾದರೆ ಗುಂಡು ಅಷ್ಟು ಮೇಲೇರಬೇಕು. ಪರವಾನಗಿ ಇರುವ ರಿಪೇರಿಯವರು "ಇನ್ನೊಂದು ಐವತ್ತು ಹೊಡೆದು ಬನ್ನಿ" ಅಂದರು. ಕೇಳಲಿಲ್ಲ, ಹಟ ಹಿಡಿದು ಅರ ಹಾಕಿಸಿದೆ.

ಸೂತ್ರ ಸರಿಯೇ ಇತ್ತು. ಅದಕ್ಕೆ ಉಣಿಸಿದ 90 ಸುಳ್ಳು. ಅದರ ಬಹುಪಾಲು ನನ್ನ ಕೈಯದು. ಸದ್ದು, ಒದೆತ ಬರುತ್ತೆ ಅಂತ ಮೊದಲೇ ಬೆಚ್ಚಿ, ಹ್ಯಾಮರ್ ಬೀಳೋ ಹೊತ್ತಿಗೆ ಮಣಿಕಟ್ಟು ನಳಿಗೆಯನ್ನು ಕೆಳಕ್ಕೆ ಒತ್ತುತ್ತಿತ್ತು. ಬಲಗೈಯವರಿಗೆ ಇದು ಕೆಳ-ಎಡಕ್ಕೆ ಹೋಗುತ್ತೆ. ಕಾಗದದ ಮೇಲೇ ಸುಳಿವಿತ್ತು: ಸೈಟ್ ತಪ್ಪಿದ್ದರೆ ತೂತುಗಳು ಒಂದೇ ಕಡೆ ಒತ್ತೊತ್ತಾಗಿ ಇರ್ತವೆ, ಕೈ ಬೆಚ್ಚಿದರೆ ಬಾಲ ಎಳೆದ ಹಾಗೆ ಹರಡ್ತವೆ. ನನ್ನವು ಬಾಲವೇ. ಕೊನೆಗೆ ಶೂಟಿಂಗ್ ರೇಂಜಿನ ಹಿರಿಯರೊಬ್ಬರು ಮೂರು ಜೀವಂತ ಕಾಡತೂಸು, ಮೂರು ಖಾಲಿ ಕೇಸ್ (ಹೊಡೆದು ಮುಗಿದ ಕಾಡತೂಸಿನ ಕವಚ) ಹಾಕಿ, ಸಿಲಿಂಡರ್ ತಿರುಗಿಸಿ ಕೈಗೆ ಕೊಟ್ಟರು. ಖಾಲಿ ಬಂದಾಗ ಸದ್ದಿಲ್ಲ, ಆದರೂ ನಳಿಗೆ ತಲೆ ಬಾಗಿಸಿತು. ಒಂದು ತಿಂಗಳು ಮನೆಯಲ್ಲಿ ಸ್ನ್ಯಾಪ್ ಕ್ಯಾಪ್ (ಮದ್ದಿಲ್ಲದ ನಕಲಿ ಕಾಡತೂಸು) ಹಾಕಿ ಬರೀ ಟ್ರಿಗರ್ ಎಳೆದ ಮೇಲೆ ಕೈ ಸರಿಹೋಯ್ತು, ಗುಂಡುಗಳು 70 ಮಿ.ಮೀ. ಮೇಲಕ್ಕೆ ಹತ್ತಿದವು! ಅರ ಹಾಕಿದ ಕಬ್ಬಿಣ ವಾಪಸ್ ಬರಲ್ಲ. ಸೈಟ್ ಹೊಸದು ಕೂರಿಸಬೇಕಾಯ್ತು.

ಇನ್ನೊಂದು ಸೂಕ್ಷ್ಮ. ರಿವಾಲ್ವರಿನಲ್ಲಿ ನಿಧಾನದ, ಭಾರದ ಗುಂಡು ಮೇಲಕ್ಕೆ ಬೀಳುತ್ತೆ, ವೇಗದ ಹಗುರ ಗುಂಡು ಕೆಳಕ್ಕೆ. ನಿಧಾನದ ಗುಂಡು ನಳಿಗೆ ಬಿಡುವಷ್ಟರಲ್ಲಿ ಒದೆತ ನಳಿಗೆಯನ್ನು ಹೆಚ್ಚು ಎತ್ತಿರುತ್ತೆ. ಹಾಗಾಗಿ ಕಾಡತೂಸು ಯಾವುದೆಂದು ಗಟ್ಟಿಯಾಗೋ ತನಕ ಸೈಟ್ ಮುಟ್ಟಬೇಡಿ.

ಈಗ ನಿಮ್ಮ ಪ್ರಶ್ನೆ. ".32 ಸಾಕಾ" ಅಂತ ಕೇಳೋದೇ ತಪ್ಪು. ಕಾಗದಕ್ಕೆ ಎಷ್ಟು ಶಕ್ತಿ ಬೇಕು? ರಿವಾಲ್ವರಿನ .32 ಕಾಡತೂಸಾದ .32 ಎಸ್ ಆಂಡ್ ಡಬ್ಲ್ಯೂ (ಸ್ಮಿತ್ ಆಂಡ್ ವೆಸನ್) ಲಾಂಗ್‌ನ ಗರಿಷ್ಠ ಒತ್ತಡ 15,000 ಪಿಎಸ್‌ಐ (ಠಾಣೆಯ ಪಿಎಸ್‌ಐ ಅಲ್ಲ, ಚದರ ಇಂಚಿಗೆ ಪೌಂಡು), .38 ಸ್ಪೆಷಲ್‌ನದು 17,000, .357 ಮ್ಯಾಗ್ನಮ್‌ನದು 35,000. ಸೌಮ್ಯವಾದ .32ರಲ್ಲೇ ನನ್ನ ಕೈ ಬೆಚ್ಚಿತು. .357 ಆಗಿದ್ದರೆ ಒದೆತದ ಗದ್ದಲದಲ್ಲಿ ಆ ತಪ್ಪು ಕಣ್ಣಿಗೇ ಬೀಳ್ತಿರಲಿಲ್ಲ.

.32 ಲಾಂಗ್ 1896ರದು, ಆದರೂ ಹಳಸಿಲ್ಲ. 25 ಮೀಟರ್ ಸೆಂಟರ್ ಫೈರ್ ಸ್ಪರ್ಧೆಗೆ 7.62ರಿಂದ 9.65 ಮಿ.ಮೀ. ತನಕ ಅನುಮತಿ ಇದ್ದರೂ ಎಷ್ಟೋ ಜನ ಆರಿಸೋದು ಇದನ್ನೇ. 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ಶೂಟರ್ ಜಸ್ಪಾಲ್ ರಾಣಾ 590 ಅಂಕದ ಚಿನ್ನ ಗೆದ್ದದ್ದು ಆ ಸ್ಪರ್ಧೆಯಲ್ಲೇ. ಅಲ್ಲಿ ಬಳಸೋದು ವ್ಯಾಡ್‌ಕಟರ್ ಗುಂಡು: ಮೂತಿ ಚಪ್ಪಟೆ, ಕಾಗದದಲ್ಲಿ ಪಂಚ್ ಹೊಡೆದಂತೆ ದುಂಡು ತೂತು, ಅಂಕದ ಜಗಳ ಇಲ್ಲ. ಮೂತಿ ದುಂಡಗಿನ ಸೀಸದ ಗುಂಡು ಕಾಗದ ಹರಿಯುತ್ತೆ, ಆದರೆ ಅಭ್ಯಾಸಕ್ಕೆ ಅಡ್ಡಿಯಿಲ್ಲ. .38 ಸ್ಪೆಷಲ್‌ನ ಕೇಸ್ ಉದ್ದ. ಸೌಮ್ಯ ಮದ್ದು ಹಾಕಿದರೆ ಒಳಗೆ ಜಾಗ ಉಳಿದು, ಮದ್ದು ಹಿಂದೆ ಇದೆಯೋ ಮುಂದೆ ಇದೆಯೋ ಅನ್ನೋದರ ಮೇಲೆ ವೇಗ ಏರುಪೇರಾಗುತ್ತೆ. .32ರ ಕೇಸ್ ಚಿಕ್ಕದು, ಆ ತಾಪತ್ರಯ ಕಡಿಮೆ.

ಖರೀದಿಸುವಾಗ ಬರೀ ".32 ಕೊಡಿ" ಅನ್ನಬೇಡಿ. ಪಿಸ್ತೂಲಿನ .32 ಎಸಿಪಿ ಬೇರೆ. ಅದರ ಒತ್ತಡ 20,500, ರಿವಾಲ್ವರಿನ ಚೇಂಬರಿಗೆ (ಸಿಲಿಂಡರಿನಲ್ಲಿ ಕಾಡತೂಸು ಕೂರೋ ತೂತಿಗೆ) ಎಷ್ಟೋ ಸಲ ಇಳಿದೂ ಬಿಡುತ್ತೆ. ಇಳಿಯಿತು ಅಂತ ಹೊಡೆಯಬೇಡಿ. ನಮಗೆ ಸಿಗೋ ರಿವಾಲ್ವರ್ ಕಾಡತೂಸಿನ ಬುಡದಲ್ಲಿ 'ಕೆಎಫ್' ಮುದ್ರೆ ನೋಡಿರ್ತೀರಿ, ಅಂದ್ರೆ ಕಿರ್ಕಿ ಫ್ಯಾಕ್ಟರಿ, ನಮ್ಮ ಖಡಕಿಯದೇ.

ಖಾಲಿ ಕೇಸ್ ತೆಗೆಯುವಾಗ ನಳಿಗೆಯ ಮೂತಿ ಮೇಲಕ್ಕಿರಲಿ, ಕೇಸ್ ಹೊರತಳ್ಳೋ ರಾಡನ್ನು ಒಂದೇ ಏಟಿಗೆ ಒತ್ತಿ. ಮೂತಿ ಕೆಳಗಿದ್ದರೆ ಉರಿಯದ ಮದ್ದಿನ ಕಣಗಳು ಎಕ್ಸ್‌ಟ್ರಾಕ್ಟರ್ ನಕ್ಷತ್ರದ (ಕೇಸ್‌ಗಳನ್ನು ಹೊರಗೆತ್ತೋ ನಕ್ಷತ್ರದಾಕಾರದ ತುಂಡು) ಅಡಿ ಸೇರಿ ಸಿಲಿಂಡರ್ ಬಿಗಿಯುತ್ತೆ. ಜೇಬಲ್ಲಿ ಹಳೆ ಟೂತ್‌ಬ್ರಷ್ ಇಟ್ಕೊಳ್ಳಿ. ಹೆಬ್ಬೆರಳು ಸಿಲಿಂಡರಿನ ಮುಂದಕ್ಕೆ ಹೋಗಬಾರದು, ಆ ಸಂದಿಯಿಂದ ಬಿಸಿ ಅನಿಲ, ಸೀಸದ ಚೂರು ಚಿಮ್ಮುತ್ತೆ. "ಟುಸ್" ಅಂದರೆ ನಿಲ್ಲಿಸಿ. ಸೌಮ್ಯ ಕಾಡತೂಸಿನಲ್ಲಿ ಗುಂಡು ನಳಿಗೆಯಲ್ಲೇ ಸಿಕ್ಕಿರಬಹುದು, ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಉಬ್ಬುತ್ತೆ. ಸದ್ದೇ ಬರದಿದ್ದರೆ ಮೂತಿ ಗುರಿಯ ಕಡೆ ಹಿಡಿದು 30 ಸೆಕೆಂಡ್ ಕಾಯಿರಿ, ತಕ್ಷಣ ಮತ್ತೆ ಟ್ರಿಗರ್ ಎಳೆಯಬೇಡಿ: ತಡವಾಗಿ ಹತ್ತಿದರೆ ಆ ಚೇಂಬರ್ ಅಷ್ಟರಲ್ಲಿ ನಳಿಗೆಯ ನೇರದಿಂದ ಪಕ್ಕಕ್ಕೆ ಸರಿದಿರುತ್ತೆ. ಮುಗಿದ ಮೇಲೆ ತಣ್ಣೀರು, ಸೋಪಿನಲ್ಲಿ ಕೈ ತೊಳೆದೇ ವಡಾಪಾವ್ ಮುಟ್ಟಿ, ಸೀಸ ಬೆರಳಿಗೆ ಅಂಟಿರುತ್ತೆ.

ಪರವಾನಗಿಯಲ್ಲಿ ಬರೆದ ಕಾಡತೂಸಿನ ಸಂಖ್ಯೆಯೇ ನಿಮ್ಮ ವರ್ಷದ ಬಜೆಟ್. ರೇಂಜಿಗೆ ಹೋದ ದಿನ ಒಯ್ದ ಐವತ್ತನ್ನೂ ಉಡಾಯಿಸಬೇಡಿ. ಮೂರು ಜೀವಂತ, ಮೂರು ಖಾಲಿ ಲೆಕ್ಕದಲ್ಲಿ ಮೂವತ್ತಕ್ಕೆ ಅರವತ್ತು ಸಲ ಟ್ರಿಗರ್ ಎಳೆದಂತಾಗುತ್ತೆ.