ಕುರ್ವೆಯ ಬಾವಿ ಬೇಸಿಗೆಯಲ್ಲಿ ಉಪ್ಪಾಗುವುದು

ಪಂಪ್ ಹಾಕಿಸಿದ ಮೇಲೆ ಮಾರ್ಚ್‌ನಲ್ಲೇ ಬಾವಿ ಉಪ್ಪಾಯಿತು ಅಂದಿರಲ್ಲ, ಕಾರಣ ಹೆಚ್ಚಾಗಿ ಆ ಪಂಪೇ. ಉತ್ತರ ಕನ್ನಡದ ಅಘನಾಶಿನಿ ಅಳಿವೆಯ ಕುರ್ವೆಗಳು, ಅಂದರೆ ಹೊಳೆ ನಡುವಿನ ನಡುಗಡ್ಡೆಗಳು, ಸಮುದ್ರಮಟ್ಟಕ್ಕಿಂತ ಸ್ವಲ್ಪವೇ ಎತ್ತರ. ಮಳೆಯ ಸಿಹಿನೀರು ನೆಲದೊಳಗೆ ಉಪ್ಪುನೀರಿನ ಮೇಲೆ ತೇಲಿ ನಿಂತಿರುತ್ತದೆ. ಬೇಸಿಗೆಯಲ್ಲಿ ಹೊಳೆ ಸೊರಗಿ, ಉಬ್ಬರದ ಉಪ್ಪು ಒಳನಾಡಿನವರೆಗೂ ಬರುತ್ತದೆ. ಆಗ ಒಂದೇ ಸಲ ಜಾಸ್ತಿ ಎತ್ತಿದರೆ ಕೆಳಗಿನ ಉಪ್ಪುನೀರು ಮೇಲೇರುತ್ತದೆ.

ಮೊದಲು ಪಂಪ್ ನಿಲ್ಲಿಸಿ, ಕೆಲವು ದಿನ ಕೊಡದಲ್ಲೇ ಸೇದಿ ನೋಡಿ. ರುಚಿ ಸುಧಾರಿಸಿದರೆ ಚಿಕ್ಕ ಪಂಪ್‌ನಲ್ಲಿ ಸ್ವಲ್ಪ ಸ್ವಲ್ಪವೇ ಎತ್ತಿ, ಫುಟ್‌ವಾಲ್ವ್ (ನೀರೆಳೆಯುವ ಪೈಪಿನ ತುದಿಯ ಕವಾಟ) ನೀರಿನ ಮೇಲ್ಮಟ್ಟದ ಹತ್ತಿರವೇ ಇರಲಿ. ಬಾವಿ ಆಳ ಮಾಡಿಸಲೇಬೇಡಿ, ಸುಮ್ನೆ ದುಡ್ಡು ಕೊಟ್ಟು ಉಪ್ಪು ತರಿಸಿದ ಹಾಗೆ. ಸುಧಾರಿಸದಿದ್ದರೆ ಗಜನಿ (ಉಪ್ಪುನೀರಿನ ಪಕ್ಕದ ತಗ್ಗು ಗದ್ದೆ) ಕಟ್ಟೆಯ ಏಡಿ ಬಿಲದಿಂದ ನೀರು ನುಗ್ಗುತ್ತಿರಬಹುದು; ಜಾಗ ನೋಡದೆ ಖಚಿತವಾಗಿ ಹೇಳಲಾರೆ. ದೊಡ್ಡ ಉಬ್ಬರದ ಹೊತ್ತಿಗೆ ಕಟ್ಟೆಯ ಒಳಬದಿಯಲ್ಲಿ ಒಮ್ಮೆ ನಡೆದು, ಎಲ್ಲಿ ಒಸರುತ್ತಿದೆ ನೋಡಿ.