ಕುರಿಗೆ ಸಬ್ಸಿಡಿ ಇದೆ, ಉಣ್ಣೆಗೆ?

ಪ್ರಶ್ನೆ: ಅಕ್ಕಾ, ನಮ್ಮದು ಕುಷ್ಟಗಿ ತಾಲ್ಲೂಕಿನ ಹಳ್ಳಿ. ಅಪ್ಪ, ಅಣ್ಣ, ನಾನು ಸೇರಿ ನೂರಿಪ್ಪತ್ತು ಕುರಿ ಮೇಯಿಸುತ್ತೇವೆ. ಉಣ್ಣೆ ಮಾರಿದರೆ ಕತ್ತರಿಸಿದ ಕೂಲಿನೂ ಹುಟ್ಟಲ್ಲ. ಅಮೆರಿಕದಲ್ಲಿ ಉಣ್ಣೆಗೂ ಮೊಹೇರ್‌ಗೂ ಸರ್ಕಾರವೇ ದುಡ್ಡು ಕೊಡುತ್ತಿತ್ತಂತೆ, ನಿಜವಾ? ನಮಗೇನಾದರೂ ಇದೆಯಾ?

ಉತ್ತರ: ನಿಜ ತಮ್ಮಾ. ಮೊಹೇರ್ ಅಂದರೆ ಅಂಗೋರಾ ಮೇಕೆಯ ಕೂದಲು, ಅಲ್ಲಿ ಅದು ಜಾಸ್ತಿ ಬರುವುದು ಟೆಕ್ಸಾಸ್‌ನಿಂದ. ಸೈನಿಕರ ಬಟ್ಟೆಗೆ ಉಣ್ಣೆ ಬೇಕೇ ಬೇಕು ಅಂತ 1954ರಲ್ಲಿ ಕಾನೂನು ತಂದರು. ಹೊರಗಿನಿಂದ ಬರುವ ಉಣ್ಣೆಯ ಮೇಲೆ ಹಾಕಿದ ಸುಂಕದ ಲೆಕ್ಕದಲ್ಲೇ ಈ ದುಡ್ಡು. ನನಗೆ ಹಿಡಿಸಿದ್ದು ಕೊಡುತ್ತಿದ್ದ ರೀತಿ. ದೇಶದ ಸರಾಸರಿ ದರ ಗೊತ್ತು ಮಾಡಿದ ಬೆಲೆಗಿಂತ ನೂರಕ್ಕೆ ಇಷ್ಟು ಕಡಿಮೆ ಬಿದ್ದಿದೆ ಅಂತ ಲೆಕ್ಕ ಹಾಕಿ, ರೈತ ತಾನು ಮಾರಿ ಗಳಿಸಿದ ಹಣದ ಮೇಲೆ ಅದೇ ಲೆಕ್ಕದಲ್ಲಿ ಸೇರಿಸಿ ಕೊಡುತ್ತಿದ್ದರು. ಹಾಗಾಗಿ ಒಳ್ಳೆ ಉಣ್ಣೆ ಮಾರಿದವನಿಗೆ ಜಾಸ್ತಿ ಸಿಗುತ್ತಿತ್ತು. ಆದರೆ ದೊಡ್ಡ ಹಿಂಡಿನವನಿಗೇ ದೊಡ್ಡ ಪಾಲು ಹೋಗುತ್ತಿತ್ತು. 1993ರಲ್ಲಿ ಅದನ್ನು ನಿಲ್ಲಿಸಲು ತೀರ್ಮಾನಿಸಿದರು, 1995ಕ್ಕೆ ಮುಗಿಯಿತು. 2002ರಿಂದ ಬೇರೆ ರೂಪದಲ್ಲಿ, ಮಾಲಿನ ಮೇಲೆ ಸಾಲ ಕೊಡುವ ವ್ಯವಸ್ಥೆ ಬಂತು.

ನಮ್ಮಲ್ಲಿ ದುಡ್ಡು ಬರುವುದು ಕುರಿಗೆ. ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ 100 ಹೆಣ್ಣು, 5 ಟಗರಿನ ಘಟಕಕ್ಕೆ ಅರ್ಧ ಖರ್ಚು, ಹೆಚ್ಚೆಂದರೆ 10 ಲಕ್ಷ ರೂಪಾಯಿ ಸಹಾಯಧನ ಇದೆ. ಆದರೆ ಅದಕ್ಕೆ ಜಾಗ ತೋರಿಸಬೇಕು, ಬ್ಯಾಂಕ್ ಸಾಲವೋ ಸ್ವಂತ ಬಂಡವಾಳವೋ ಇರಬೇಕು. ವರ್ಷದ ಅರ್ಧ ಭಾಗ ಊರೂರು ತಿರುಗಿ, ಬೇರೆಯವರ ಹೊಲದಲ್ಲಿ ಹಿಂಡು ಮಲಗಿಸುವ ನಿಮ್ಮಂಥವರಿಗೆ ಅದು ಕಷ್ಟ, ಅಲ್ವಾ? ನಿಮಗೆ ಕೂಡಲೇ ಉಪಯೋಗಕ್ಕೆ ಬರೋದು ಅನುಗ್ರಹ ಯೋಜನೆ. ಕುರಿ ಸತ್ತರೆ ಪರಿಹಾರ ಸಿಗುತ್ತದೆ. ಮೊದಲು 5,000 ರೂಪಾಯಿ ಇತ್ತು, 2025-26ರ ಬಜೆಟ್‌ನಲ್ಲಿ 7,500ಕ್ಕೆ ಏರಿಸುವುದಾಗಿ ಹೇಳಿದರು. ಸತ್ತ ಕುರಿಯನ್ನು ಹೂಳುವ ಮೊದಲೇ ಹತ್ತಿರದ ಪಶು ಆಸ್ಪತ್ರೆಗೆ ಫೋನ್ ಮಾಡು, ಫೋಟೋ ತೆಗೆದಿಟ್ಟುಕೋ. ಮರಣೋತ್ತರ ಪರೀಕ್ಷೆಯ ವರದಿ ಇಲ್ಲದೆ ಅರ್ಜಿ ನಿಲ್ಲಲ್ಲ. ನಮ್ಮ ದೊಡ್ಡಪ್ಪ ಮಳೆಯಲ್ಲಿ ಸತ್ತ ಒಂಬತ್ತು ಕುರಿಗಳನ್ನು ಅಂದೇ ಹೂತುಬಿಟ್ಟರು, ಒಂದು ರೂಪಾಯಿಯೂ ಬರಲಿಲ್ಲ.

ಇನ್ನು ಉಣ್ಣೆ. ರಾಯಚೂರು ಕಡೆಯ ಕೆಂಗುರಿಯಾದರೆ ಮಾಂಸಕ್ಕಷ್ಟೇ, ಉಣ್ಣೆಯ ಮಾತೇ ಇಲ್ಲ. ಬಳ್ಳಾರಿ ಕುರಿ, ಡೆಕ್ಕನಿ ಕುರಿಯ ಉಣ್ಣೆ ಒರಟು. ಅದು ಕಂಬಳಿಗೇ ಸರಿ, ಆ ಕಂಬಳಿಯನ್ನು ಅಗ್ಗದ ಸಿಂಥೆಟಿಕ್ ಹೊದಿಕೆಗಳು ಹಿಂದಕ್ಕೆ ತಳ್ಳಿಬಿಟ್ಟವು. ಹೋದ ವರ್ಷ ಬೇವಿನ ಮರದ ಕೆಳಗೆ ಉಣ್ಣೆಯ ರಾಶಿ ನೋಡಿದೆ. ಬಿಳಿ, ಕರಿ, ಕಂದು ಎಲ್ಲ ಒಂದಾಗಿ, ಮುಳ್ಳು, ಹಿಕ್ಕೆ ಸಮೇತ ಬಿದ್ದಿತ್ತು. ಕೈ ಹಾಕಿದರೆ ಎಣ್ಣೆ ಹತ್ತುತ್ತಿತ್ತು. ಅದೇ ರಾಶಿಯಲ್ಲಿ ಮರಿಗಳ ಮೊದಲ ಕತ್ತರಿಯ ಉಣ್ಣೆಯೂ ಇತ್ತು, ಎಷ್ಟು ಮೆತ್ತಗಿತ್ತು! ಎಲ್ಲಕ್ಕೂ ಒಂದೇ ದರ ಕಟ್ಟಿ ಒಯ್ದರು. ನೋಡಿ ಹೊಟ್ಟೆ ಉರಿಯಿತು.

ಉಣ್ಣೆಗೂ ಒಂದು ದರ ಗೊತ್ತುಮಾಡಿ, ಸರ್ಕಾರವೇ ಖರೀದಿಸಲಿ ಅನ್ನೋದು ನನ್ನ ಖಚಿತ ಅಭಿಪ್ರಾಯ. ಗ್ರಾಮಸಭೆಯಲ್ಲಿ ನೀವೆಲ್ಲ ಸೇರಿ ಕೇಳಿ, ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮಕ್ಕೂ ಬರೆದು ಕೊಡಿ. ಅಲ್ಲಿಯವರೆಗೆ ಮುಂದಿನ ಕತ್ತರಿಗೆ ಮೂರು ಚೀಲ ಇಟ್ಟುಕೋ. ಕರಿ ಒಂದಕ್ಕೆ, ಬಿಳಿ ಒಂದಕ್ಕೆ, ಮರಿ ಉಣ್ಣೆ ಇನ್ನೊಂದಕ್ಕೆ. ಆಮೇಲೆ ವ್ಯಾಪಾರಿಗೆ ತೋರಿಸುವ ಮುಂಚೆ ಕಂಬಳಿ ನೇಯುವವರಿಗೆ ತೋರಿಸು.